ಓದದೆ ಒಡೆಯಬೇಡಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಸಣ್ಣ ನರ್ಸಿಂಗ್ ಹೋಮುಗಳಿಗೆ ಅರಿವಳಿಕೆ ಕೊಡಲು ಕಾರಿನಲ್ಲಿ ಓಡಾಡುವವರು ಡಾಕ್ಟರ್ ವಿನಯಾ. ಮದ್ದಿನ ಚೀಲವೂ ಅವರದೇ. ಹೆರಿಗೆ ಡಾಕ್ಟರಾದ ನನಗೆ ಅವರ ಒಂದು ಅಭ್ಯಾಸ ಕಂಡರೆ ಮೈ ಉರಿಯುತ್ತಿತ್ತು. ಮದ್ದಿನ ಗಾಜಿನ ಕುಪ್ಪಿ ಒಡೆಯುವ ಮೊದಲು ಅದರ ಹೆಸರನ್ನು ಅವರು ಗಟ್ಟಿಯಾಗಿ ಓದಬೇಕು, ಆಮೇಲೆ ನರ್ಸೂ ಓದಬೇಕು. “ಮಗ್ಗಿ ಮುಗೀತಾ?” ಎಂದು ಛೇಡಿಸುತ್ತಿದ್ದೆ. ಅವರು ನಕ್ಕು ಮುಂದಿನ ಕುಪ್ಪಿ ಎತ್ತಿಕೊಳ್ಳುತ್ತಿದ್ದರು.

ಮೊನ್ನೆ ಹೊಸನಗರದಲ್ಲಿ ಚೊಚ್ಚಲ ಬಸುರಿ ನವ್ಯಾಳ ಹೆರಿಗೆ ಮುಂದುವರಿಯಲಿಲ್ಲ, ಸಿಸೇರಿಯನ್ ಮಾಡಲೇಬೇಕಾಯಿತು. ಫೋನು ಮಾಡಿದಾಗ ವಿನಯಾ ಸಾಗರದಲ್ಲಿ ಆಪರೇಷನ್ ಮುಗಿಸುತ್ತಿದ್ದರು. ಮಿಕ್ಕ ಮದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟರು. ಅವರು ಬರುವಷ್ಟರಲ್ಲಿ ಮಗುವಿನ ಎದೆಬಡಿತ ಇಳಿಯತೊಡಗಿತ್ತು.

ನವ್ಯಾಳನ್ನು ಬೆನ್ನು ಬಾಗಿಸಿ ಕೂರಿಸಿದರು. ನರ್ಸ್ ಪುಷ್ಪಮ್ಮ ಚೀಲದಲ್ಲಿ ಬೆನ್ನಿಗೆ ಕೊಡುವ ಅರಿವಳಿಕೆ ಮದ್ದಿಡುವ ಖಾನೆಗೆ ಕೈಹಾಕಿ ಕುಪ್ಪಿ ತೆಗೆದಳು.

“ಬಡಿತ ಇನ್ನೂ ಇಳೀತಿದೆ. ಬೇಗ ಕೊಡಿ ಮಾರಾಯ್ರೆ!” ಎಂದು ಕೂಗಿದೆ.

“ದಿನಾ ನೋಡೋದೇ ಅಲ್ವಾ ಮೇಡಂ, ಒಡೀತೀನಿ,” ಎಂದಳು ಪುಷ್ಪಮ್ಮ.

“ಓದದೆ ಒಡೀಬೇಡಿ. ಈ ಕಡೆ ತಿರುಗ್ಸಿ,” ಎಂದರು ವಿನಯಾ.

ನನಗೆ ತಲೆ ಕೆಟ್ಟಿತು. ವಿನಯಾ ಕುಪ್ಪಿಯತ್ತ ಬಗ್ಗಿದರು. ಬಾಯಿ ತೆರೆದವರು ಓದಲೇ ಇಲ್ಲ.

“ಅದನ್ನ ಆಚೆ ಇಡಿ,” ಎಂದರು ಮೆಲ್ಲಗೆ.

ಅದು ರಕ್ತಸ್ರಾವ ನಿಲ್ಲಿಸುವ ಮದ್ದು. ರಕ್ತನಾಳಕ್ಕೆ ಕೊಟ್ಟರೆ ಜೀವ ಉಳಿಸುತ್ತದೆ, ಬೆನ್ನುಹುರಿಯ ಹತ್ತಿರ ಹೋದರೆ ಜೀವ ತೆಗೆಯುತ್ತದೆ. ಕುಪ್ಪಿಗಳೆರಡೂ ನೋಡಲು ಒಂದೇ ತರಹ. ಸಾಗರದಲ್ಲಿ ಮಿಕ್ಕಿದ್ದನ್ನು ವಿನಯಾ ಅವಸರದಲ್ಲಿ ತಪ್ಪು ಖಾನೆಗೆ ಹಾಕಿದ್ದರು. ಪುಷ್ಪಮ್ಮ ಇನ್ನೊಂದು ಕುಪ್ಪಿ ಹಿಡಿದಳು. ವಿನಯಾ ಓದಿದರು, ಪುಷ್ಪಮ್ಮ ಓದಿದಳು, ಕೇಳದಿದ್ದರೂ ನಾನೂ ಓದಿದೆ. ವಿನಯಾರ ಕೈ ಅಲುಗಲಿಲ್ಲ, ಸೂಜಿ ನೆಟ್ಟಗೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮಗು ಕಿರುಚಿ ಅತ್ತಿತು.

ಎಲ್ಲ ಮುಗಿದ ಮೇಲೆ ವಿನಯಾ ಹೊರಗೆ ಕಾಯುತ್ತಿದ್ದ ನವ್ಯಾಳ ತಾಯಿ ನಾಗರತ್ನಮ್ಮನವರ ಕಡೆ ಹೊರಟರು. ನಾನು ತಡೆದೆ. “ಏನೂ ಆಗ್ಲಿಲ್ವಲ್ಲ, ಯಾಕೆ ಹೇಳ್ತೀರಿ?”

“ಅವರ ಮಗಳು, ಅವರಿಗೆ ಗೊತ್ತಿರ್ಬೇಕು.”

ನಡೆದದ್ದನ್ನೆಲ್ಲ, ತಪ್ಪು ಖಾನೆಗೆ ಹಾಕಿದ್ದು ತಾವೇ ಎಂಬುದನ್ನೂ ಬಿಡದೆ ಹೇಳಿದರು. ನಾಗರತ್ನಮ್ಮ ಎದ್ದು ಹತ್ತಿರ ಬಂದರು.

“ಓದದೇ ಇದ್ದಿದ್ರೆ?”

“ನವ್ಯಾ ಉಳೀತಿರ್ಲಿಲ್ಲ ಅಮ್ಮಾ.”

ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ನಾಗರತ್ನಮ್ಮ ಪಕ್ಕದ ಕುರ್ಚಿ ಎಳೆದರು.

“ಕೂತ್ಕಳಿ ಡಾಕ್ಟ್ರೇ, ನಿಮ್ಮ ಕೈ ನಡುಗ್ತಾ ಇದೆ.”