ಸೂತಕದಲ್ಲಿ ಸ್ಟೀರಿಂಗ್ ಬಿಗಿದದ್ದು

ಹೆಂಡತಿ ಜ್ವರದಲ್ಲಿ ತೀರಿಕೊಂಡು ಇನ್ನೂ ಸೂತಕ ಕಳೆದಿರಲಿಲ್ಲ. ನಾನು ಆದೋನಿಯ ಒಬ್ಬ ಹತ್ತಿ ಸಾವುಕಾರರ ಮೋಟಾರು ಓಡಿಸುತ್ತಿದ್ದವನು. ಆಗ ಊರಿನ ಮೋಟಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಓಡಿಸಬಲ್ಲವರು ಅದಕ್ಕಿಂತ ಕಡಿಮೆ. ಓಡಿಸಬಲ್ಲೆವೆಂದು ಹೇಳಿಕೊಳ್ಳುವವರು ಮಾತ್ರ ಬೇಕಾದಷ್ಟು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ, ಬಂದವರು ದೂರ ನಿಂತು ಮಾತಾಡಿಸಿ ಹೋಗುತ್ತಿದ್ದರು. ನನಗೆ ಅಳು ಬಂದಿರಲಿಲ್ಲ. ಅದನ್ನು ಧೈರ್ಯ ಅಂದವರಿದ್ದರು, ಕಲ್ಲೆದೆ ಅಂದವರೂ ಇದ್ದರು. ಎರಡೂ ಅಲ್ಲ. ಬಾಯಿಗಿಟ್ಟ ಅನ್ನ ಬಿಸಿಯೋ ತಣ್ಣಗೋ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ಸಾವುಕಾರರೇ ನಡೆದುಕೊಂಡು ಬಂದರು. ಅವರ ಮಗಳ ಮದುವೆ ಆಗಿಹೋಗಿತ್ತು. ಮರುದಿನ ಬೆಳಿಗ್ಗೆ ಹುಡುಗಿಯನ್ನು ಮೋಟಾರಿನಲ್ಲಿ ಆಲೂರಿಗೆ, ಗಂಡನ ಮನೆಗೆ ಕಳಿಸಬೇಕು. ನಾನು ಸೂತಕದಲ್ಲಿದ್ದದ್ದರಿಂದ ಓಡಿಸುವ ಕೆಲಸ ಅವರ ಭಾಮೈದನ ಪಾಲಿಗೆ ಬಿದ್ದಿತ್ತು.

"ಸ್ಟೀರಿಂಗ್ ಸಡ್ಲ ಆಗೈತಪಾ," ಅಂದರು ಬೇವಿನ ಮರದ ಆಚೆಯಿಂದಲೇ. "ಎಡಕ್ಕ ತಿರುವಿದ್ರ ಮೋಟಾರು ಯೋಚ್ನಿ ಮಾಡಿ ತಿರುಗ್ತೈತಿ. ಭಾಮೈದ ನಟ್ಟು ಬಿಗಿದಾನ, ಏನೂ ಫರಕ್ ಆಗಿಲ್ಲ."

"ಯಾವ ನಟ್ಟು ಬಿಗಿದಾರ್ರೀ?"

"ಮ್ಯಾಲಿಂದು. ಚಕ್ರದ ನಡುವಿಂದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಸಡಿಲವಿರುವುದು ಸ್ಟೀರಿಂಗ್ ಕಂಬದ ಬುಡದಲ್ಲಿ, ಹಲ್ಲಿಗೆ ಹಲ್ಲು ಕೂಡುವ ಕಬ್ಬಿಣದ ಪೆಟ್ಟಿಗೆಯಲ್ಲಿ. ನಗು ಬರಬೇಕಿತ್ತು. ಎದ್ದು ಅವರ ಹಿಂದೆ ದೂರದಲ್ಲಿ ನಡೆದೆ.

ಮದುವೆಯ ಮೋಟಾರನ್ನು ಸೂತಕದವನು ಮುಟ್ಟುವ ಹಾಗಿಲ್ಲ. ಆದ್ದರಿಂದ ನಾನು ಅಂಗಳದ ಮೂಲೆಯಲ್ಲಿ ನಿಂತು ಬಾಯಲ್ಲಿ ಹೇಳುವುದು, ಭಾಮೈದ ಕೈಯಲ್ಲಿ ಮಾಡುವುದು ಎಂದಾಯಿತು. ಪೆಟ್ಟಿಗೆಯ ಪಕ್ಕದ ತಿರುಪನ್ನು ಒಳಕ್ಕೆ ತಿರುವಿದರೆ ಸಡಿಲ ಹೋಗುತ್ತದೆ. ಹೆಚ್ಚು ತಿರುವಿದರೆ ಸ್ಟೀರಿಂಗ್ ಚಕ್ರ ಕಚ್ಚಿಕೊಳ್ಳುತ್ತದೆ, ತಿರುವಿನಲ್ಲಿ ತಿರುಗಿಸಿದ್ದು ವಾಪಸು ನೆಟ್ಟಗಾಗುವುದಿಲ್ಲ. ಆಲೂರಿನ ದಾರಿಯಲ್ಲಿ ತಿರುವು ಮುಗಿಯುತ್ತಲೇ ಹಳ್ಳದ ಸೇತುವೆ ಬರುತ್ತದೆ. ಅದಕ್ಕೆ ತಡೆಗೋಡೆ ಇರಲಿಲ್ಲ.

"ಈಗ ಎಷ್ಟು ಬಿಗಿ ಆತ್ರೀ?"

"ಬೇಕಾದಷ್ಟು ಆತು."

"ಬೇಕಾದಷ್ಟು ಅಂದ್ರ ಎಷ್ಟ್ರೀ?"

ಅವನು ಕೆಂಪಾದ. ಕೈಗೆ ತಿಳಿಯುವುದನ್ನು ಬಾಯಿ ಹೇಗೆ ಕೇಳಬೇಕು? ಬಾಗಿಲಲ್ಲಿ ಕೂತಿದ್ದ ಸಾವುಕಾರರ ತಾಯಿ ಇದನ್ನೆಲ್ಲ ನೋಡಿ ಸಾಕಾಗಿ ಕೋಲು ಕುಟ್ಟಿದರು. ಆ ಬೀದಿಯಲ್ಲಿ ಅವರಷ್ಟು ಮಡಿಯವರು ಇನ್ನೊಬ್ಬರಿರಲಿಲ್ಲ.

"ಸಾಕು ನಿಲ್ಲಸ್ರಿ. ನನ್ನ ಮೊಮ್ಮಗಳ ಜೀವಕ್ಕಿಂತ ಮೈಲಿಗಿ ದೊಡ್ಡದೇನು? ಏ ಅಪ್ಪಾ, ನೀನ ಕೈ ಹಾಕು. ಆಮ್ಯಾಲ ಗೋಮೂತ್ರ ಚಿಮುಕಿಸಿದ್ರಾತು."

ಕೈ ಹಾಕಿದೆ. ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ತಿರುಪನ್ನು ಪೂರ್ತಿ ಸಡಿಲಿಸಿ, ಮತ್ತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದೆ. ಒಂದು ಕೈ ಚಕ್ರದ ಮೇಲೆ, ಒಂದು ಕೈ ತಿರುಪು ಬಿಗಿಯುವ ಸ್ಪ್ಯಾನರಿನ ಮೇಲೆ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು, ನನ್ನನ್ನು ಏನೂ ಕೇಳಲಿಲ್ಲ. ಮದುಮಗಳು ಹೊಸ್ತಿಲಿಗೆ ಬಂದು ನಿಂತಳು.

"ಕಾಕಾ, ಊಟ ಮಾಡೀದಿಲ್ಲೋ?"

"ಮಾಡೀನವ್ವಾ."

"ನಂಗ ಮಾಮಾ ಓಡಿಸೋದು ಅಂದ್ರ ಅಂಜಿಕಿ ಬರ್ತೈತಿ ಕಾಕಾ," ಅಂದಳು ಮೆಲ್ಲಗೆ. ಮಾಮನ ಕಿವಿಗೆ ಅದು ಬಿತ್ತೋ ಏನೋ, ಅವನು ಕೈ ತೊಳೆಯಲು ಹೋದ.

ಬಿಗಿದದ್ದನ್ನು ದಾರಿಯಲ್ಲಿ ಓಡಿಸಿ ನೋಡದೆ ಸರಿ ಎನ್ನುವಂತಿಲ್ಲ. ಒಬ್ಬನೇ ಆಲೂರಿನ ದಾರಿ ಹಿಡಿದೆ. ಸೇತುವೆ ದಾಟಿ ನೆಟ್ಟನೆಯ ದಾರಿ ಸಿಕ್ಕ ಮೇಲೆ, ಎಂದಿನಂತೆ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟೆ. ಮೋಟಾರು ಯಾವ ಕಡೆಗಾದರೂ ಎಳೆಯುತ್ತದೆಯೇ ನೋಡಲು ನಾವು ಹಾಗೆ ಮಾಡುತ್ತಿದ್ದೆವು. ಪ್ರತಿ ಸಲವೂ ಅಂಜಿಕೆಗೆ ಕೈ ತಾನಾಗಿ ಮೇಲೆ ಬರುತ್ತಿತ್ತು.

ಮೋಟಾರು ನೆಟ್ಟಗೆ ಹೋಯಿತು. ಎದುರಿಗೆ ಜೋಳದ ಸೊಪ್ಪೆ ತುಂಬಿದ ಎತ್ತಿನ ಬಂಡಿ ಬರುತ್ತಿತ್ತು. ಹಿಡಿ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಏಳಲಿಲ್ಲ. ಎತ್ತಿನ ಕೊಂಬಿನ ಹಿತ್ತಾಳೆ ಕಳಸ ಕಾಣುವಷ್ಟು ಹತ್ತಿರವಾಯಿತು. ಭಯ ಬರಬೇಕಿತ್ತು, ಬರಲಿಲ್ಲ.

"ಏಯ್! ಚಾವಾಲನುಂದಾ?" ಎಂದು ಬಂಡಿಯವನು ತೆಲುಗಿನಲ್ಲಿ ಕಿರುಚಿದ. ಸಾಯಬೇಕಂತಿದೆಯಾ ಎಂದು. ದಾರಿಯಲ್ಲಿ ದಿನಾ ಕೇಳುವ ಬೈಗುಳ. ಅದಕ್ಕೆ ತಪ್ಪದೆ ಎದುರು ಬೈಯುತ್ತಿದ್ದವನು ನಾನು. ಅವತ್ತು ಅದು ನಿಜವಾಗಿ ಕೇಳಿದ ಪ್ರಶ್ನೆಯ ಹಾಗೆ ಕೇಳಿಸಿತು. ಹೊಸ್ತಿಲಲ್ಲಿ ನಿಂತ ಹುಡುಗಿ ನೆನಪಾದಳು. ಕೈ ಮೇಲೆ ಬಂತು. ತಿರುವಿದೊಡನೆ ಮೋಟಾರು ಪಕ್ಕಕ್ಕೆ ಸರಿಯಿತು, ಸೊಪ್ಪೆ ಗಾಜನ್ನು ಸವರಿಕೊಂಡು ಹೋಯಿತು. ಬಂಡಿಯವನು ಬಹಳ ದೂರದವರೆಗೂ ಬೈಯುತ್ತಲೇ ಇದ್ದ.

ತಿರುಗಿ ಬಂದಾಗ ಸಾವುಕಾರರು ಅಂಗಳದಲ್ಲೇ ಕಾಯುತ್ತಿದ್ದರು. "ನಾಳಿ ನೀನ ಓಡಿಸಿಬಿಡಪಾ. ಅವ್ವ ಒಪ್ಯಾಳ. ಮೈಲಿಗಿ ನಾವು ನೋಡ್ಕೊಂತೀವಿ."

"ಸ್ಟೀರಿಂಗ್ ಸರಿ ಐತ್ರಿ. ನಾನು ಓಡಸಾದು ಬ್ಯಾಡ್ರಿ."

"ಯಾಕ?"

ಬಂಡಿಯ ಮುಂದೆ ಕೈ ಏಳಲಿಲ್ಲ ಎಂದು ಹೇಳುವುದು ಹೇಗೆ? "ಸೂತಕ ಐತಲ್ರೀ," ಅಂದೆ.

ಮುದುಕಿ ಮಗನ ಕಡೆ ತಿರುಗಿದರು. "ನೋಡು, ಇದು ನೇಮ ಅಂದ್ರ. ನಾವ ಬಿಡು ಅಂದ್ರೂ ಬಿಡವಲ್ಲ. ಕಲ್ಕೊಳ್ರಿ."

ಆ ಮನೆಯಲ್ಲಿ ಬಹಳ ವರ್ಷ ನನ್ನ ನೇಮದ ಮಾತು ನಡೆಯಿತು, ನಾನು ತಿದ್ದಲಿಲ್ಲ. ಮರುದಿನ ಭಾಮೈದನೇ ಓಡಿಸಿದ. ಹುಡುಗಿ ಅಂಜುತ್ತಲೇ ಕೂತು ಕ್ಷೇಮವಾಗಿ ಆಲೂರು ಮುಟ್ಟಿದಳು. ಅವಳನ್ನು ನನ್ನ ಕೈಗೆ ಒಪ್ಪಿಸುವ ಧೈರ್ಯ ಅವರೆಲ್ಲರಿಗೂ ಇತ್ತು, ನನಗೊಬ್ಬನಿಗೇ ಇರಲಿಲ್ಲ.