ಬೊರಮ್‌ಳ ಅಜ್ಜಿ ಪಾಠ ನೋಡಲು ಬಂದದ್ದು

ಕೊರಿಯಾದ ಮೊಕ್ಪೊ ಊರಿನ ಶಾಲೆಯಲ್ಲಿ ಅಂದು ಮನೆಯವರು ಪಾಠ ನೋಡಲು ಬರುವ ದಿನ. ಕೊರಿಯನ್ನರ ಬಾಯಲ್ಲಿ ರೂಪ ಬದಲಿಸಿದ ಇಂಗ್ಲಿಷ್ ಪದಗಳನ್ನು ಪ್ಯೊ ಟೀಚರ್ ಹಲಗೆಯ ಮೇಲೆ ಬರೆದು, ತಪ್ಪೆಂದು ಒಂದೊಂದನ್ನೂ ಹೊಡೆದುಹಾಕುತ್ತಿದ್ದರು. ಹಿಂದೆ ನಿಂತಿದ್ದ ಬೊರಮ್‌ಳ ಅಜ್ಜಿ ಉತ್ಸಾಹದಿಂದ ಕೈಯೆತ್ತಿದರು.

"ಟೀಚರ್, ನಮ್ಮ ಮಿಶಿಂಗನ್ನೂ ಬರೀರಿ! ಅದನ್ನ ತುಳಿದೇ ಇವಳಪ್ಪನ್ನ ಓದಿಸಿದ್ದು."

"ಅದೂ ತಪ್ಪೇ ಅಜ್ಜಿ. ಮಶೀನ್ ಅನ್ನೋದೇ ಕೆಟ್ಟು ಮಿಶಿಂಗ್ ಆಗಿದೆ, ಹೊಲಿಗೆ ಯಂತ್ರಕ್ಕೆ ಇಂಗ್ಲಿಷಲ್ಲಿ ಹಾಗನ್ನೋದಿಲ್ಲ," ಎಂದು ಟೀಚರ್ ಅದನ್ನೂ ಬರೆದು ಹೊಡೆದುಹಾಕಿದರು.

ಮಕ್ಕಳು ಗೊಳ್ಳೆಂದು ನಕ್ಕರು. ಬೊರಮ್ ತಲೆ ತಗ್ಗಿಸಿ, "ಸುಮ್ನಿರಜ್ಜಿ, ಮಾನ ಕಳೀಬೇಡ," ಎಂದಳು.

"ಅಯ್ಯೋ, ಇಷ್ಟು ವರ್ಷ ತಪ್ಪನ್ನೇ ತುಳಿದೆ ಅನ್ನಿ," ಎಂದು ನಗುತ್ತಲೇ ಅಜ್ಜಿ ಹೊರನಡೆದರು.

ಅಜ್ಜಿಯ ಮಾತು ಟೀಚರ್‌ಗೆ ಚುಚ್ಚಿತು. ಆ ಪದ ಎಂದೋ ಕೊರಿಯನ್ನರದೇ ಆಗಿಹೋಗಿದೆ, ತಪ್ಪಲ್ಲ ಎಂದು ಹೇಳಲು ಟೀಚರ್ ಪಾಠ ಮುಗಿಸಿ ಬಾಗಿಲಿಗೆ ಓಡಿದರು. ಒಳಗೆ ಓಡಾಡಲು ಶಾಲೆಯವರು ಕೊಟ್ಟಿದ್ದ ಚಪ್ಪಲಿಯನ್ನು ಅಜ್ಜಿ ಕಳಚಿಟ್ಟು ಹೋಗಿಯಾಗಿತ್ತು. ಮರುವರ್ಷ ಬೊರಮ್‌ಳ ಮನೆಯಿಂದ ಯಾರೂ ಬರಲಿಲ್ಲ.