ಕ್ಯಾಂಡಲಿನ ಜಳಕ

ಕಮಲಾಪುರದ ಗುಡ್ಡದ ಹತ್ತಿರ ಹುಡುಗರ ಕ್ಯಾಂಪು. ಕುಡಿಯಲು ಕೆರೆ ನೀರೇ ಗತಿ ಎಂದು ಮಾಸ್ತರರು ಸೇಡಂ ರಸ್ತೆಯ ಅಂಗಡಿಯಿಂದ ಎರಡು ಅಂತಸ್ತಿನ ಸ್ಟೀಲ್ ಫಿಲ್ಟರ್ ತಂದಿದ್ದರು. ಅದನ್ನು ಹೊರುವುದು, ಒಳಗೆ ನೀರು ಸೋಸುವ ಗುಂಡು ತಲೆಯ ಬಿಳಿ ಕ್ಯಾಂಡಲನ್ನು ದಿನಾ ಬ್ರಷ್ಷಿನಿಂದ ತಿಕ್ಕುವುದು ನನ್ನ ಪಾಲಿಗೆ ಬಂತು. ತಿಕ್ಕದಿದ್ದರೆ ಕೆಸರು ಕಟ್ಟಿ ನೀರು ಇಳಿಯುವುದಿಲ್ಲ.

ಮರುದಿನ ಬ್ರಷ್ ಹಿಡಿದು ಮುಚ್ಚಳ ತೆಗೆದರೆ ಕ್ಯಾಂಡಲಿಗೆ ಮೂರೆಳೆ ವಿಭೂತಿ, ತಲೆ ಮೇಲೊಂದು ಹೂ! ಮಹಾಗಾಂವದಿಂದ ಅಡುಗೆಗೆ ಬಂದಿದ್ದ ನೀಲಮ್ಮ ಅದನ್ನು ಲಿಂಗವೆಂದೇ ತಿಳಿದಿದ್ದಳು.

"ಏ ಮಂಗ್ಯಾ, ಹಲ್ಲು ತಿಕ್ಕೋ ಬ್ರಷಿಲೆ ದೇವರನ್ನ ತಿಕ್ತಿ ಏನೋ?" ಎಂದು ಸೌಟು ಎತ್ತಿದಳು.

"ದೇವರಲ್ಲಬೇ, ಅದು ಅಂಗಡ್ಯಾಗ ಸಿಗ್ತದ."

"ಎಲ್ಲಾ ದೇವರೂ ಅಂಗಡ್ಯಾಗೇ ಸಿಗ್ತಾವ. ಕೈ ತಗಿ."

ಮಧ್ಯಾಹ್ನಕ್ಕೆ ನೀರು ಇಳಿಯುವುದೇ ನಿಂತಿತು. ಗುಡ್ಡ ಹತ್ತಿ ಬಂದ ಹುಡುಗರು ಖಾಲಿ ಲೋಟ ಹಿಡಿದು ಬಾಯಿ ಬಾಯಿ ಬಿಟ್ಟರು. ಮಾಸ್ತರರೂ ಸೌಟಿಗೆ ಹೆದರಿ ನನ್ನ ಮುಖ ನೋಡಿದರು.

"ನೀಲಮ್ಮಬೇ," ಎಂದೆ, "ದೇವರು ನಿನ್ನೆಯಿಂದ ಕೆಸರಿನ್ಯಾಗ ಕುಂತಾನ. ಜಳಕ ಮಾಡ್ಸೋರು ಯಾರು?"

ಅವಳು ಗಲ್ಲ ಗಲ್ಲ ಬಡಿದುಕೊಂಡಳು. ಸೋಪು ಮುಟ್ಟಿಸದೆ, ಒದ್ದೆ ಬಟ್ಟೆಯಿಂದ ಕೂಸಿಗೆ ಎರೆದಂತೆ ತಿಕ್ಕಿ ತೊಳೆದಳು. ನನ್ನ ಕೈಯಲ್ಲಿ ಕ್ಯಾಂಡಲ್ ಅಷ್ಟು ಬೆಳ್ಳಗಾಗುತ್ತಿರಲಿಲ್ಲ. ಸಂಜೆ ಹೊತ್ತಿಗೆ ಕೆಳಗಿನ ಡಬ್ಬಿ ತುಂಬಿತು.

ಹುಡುಗರು ಲೋಟ ಚಾಚಿದರು. "ತೀರ್ಥ ಲೋಟದಾಗ ಕುಡೀತಾರೇನ್ರೋ? ಕೈ ಒಡ್ರಿ" ಎಂದು ನೀಲಮ್ಮ ಒಬ್ಬೊಬ್ಬರಿಗೆ ಒಂದೊಂದು ಚಮಚ ಹಾಕಿದಳು. ದೇವರ ಜಳಕ ನೆನಪಿಸಿದ ಪುಣ್ಯಕ್ಕೆ ನನಗೆ ಎರಡು ಚಮಚ ಸಿಕ್ಕಿತು.